ಅಪರಿಚಿತ ನಗರ, ಪರಿಚಿತ ಐತಿಹ್ಯ: ಓಸ್ಲೊ ಮೆಟಲ್ ಸಂಗೀತೋತ್ಸವದ ಯಾತ್ರೆಯ ಜಾನಪದೀಯ ಅಧ್ಯಯನ

ಪೀಠಿಕೆ

ಜಾನಪದ ಅಧ್ಯಯನವು ಬಹುಕಾಲ ಗ್ರಾಮ, ಬೇಸಾಯ ಮತ್ತು ಮೌಖಿಕ ಪರಂಪರೆಗಳನ್ನೇ ತನ್ನ ಕ್ಷೇತ್ರವೆಂದು ಭಾವಿಸಿತ್ತು. ೧೯೬೦ರ ದಶಕದಿಂದೀಚೆಗೆ ಅಮೆರಿಕದ ವಿದ್ವಾಂಸ ಅಲಾನ್ ಡಂಡೆಸ್ ಮೊದಲಾದವರು ‘ಜನಪದ’ ಎಂಬ ಪರಿಕಲ್ಪನೆಯನ್ನು ವಿಸ್ತರಿಸಿದರು. ಯಾವುದಾದರೂ ಒಂದು ಸಮಾನ ಅಂಶದಿಂದ ಬೆಸೆದುಕೊಂಡು, ತನ್ನದೆಂದು ಹೇಳಿಕೊಳ್ಳಬಲ್ಲ ಸಂಪ್ರದಾಯಗಳನ್ನು ಹೊಂದಿದ ಗುಂಪು ಜನಪದವೇ ಆಗುತ್ತದೆ ಎಂಬುದು ಈ ಚಿಂತನೆಯ ಸಾರ. ಇದರಿಂದ ಕಾರ್ಖಾನೆ, ಕಚೇರಿ, ವಿದ್ಯಾರ್ಥಿನಿಲಯ, ಸಂಗೀತ ಕೂಟ ಮುಂತಾದ ನಗರ ಸಮುದಾಯಗಳೂ ಅಧ್ಯಯನಕ್ಕೆ ಒಳಪಟ್ಟವು.

ಅಂತಹ ಸಮುದಾಯಗಳಲ್ಲಿ ‘ಎಕ್ಸ್‌ಟ್ರೀಮ್ ಮೆಟಲ್’ ಎಂದು ಕರೆಯಲಾಗುವ ಉಗ್ರ ಸಂಗೀತದ ಅಭಿಮಾನಿಗಳದು ಗಮನಾರ್ಹವಾದ ಒಂದು ಗುಂಪು. ಇವರು ಹಲವು ದೇಶಗಳಲ್ಲಿ ಚದುರಿದ್ದಾರೆ. ತಮ್ಮ ಊರುಗಳಲ್ಲಿ ಬಹುಪಾಲು ಅಲ್ಪಸಂಖ್ಯಾತರು. ವರ್ಷಕ್ಕೊಮ್ಮೆ ಗೊತ್ತಾದ ದಿನಗಳಲ್ಲಿ ಗೊತ್ತಾದ ಊರೊಂದರಲ್ಲಿ ಸೇರುವುದು ಈ ಸಮುದಾಯದ ಮುಖ್ಯ ಆಚರಣೆ. ನಾರ್ವೆಯ ರಾಜಧಾನಿ ಓಸ್ಲೊದಲ್ಲಿ ೨೦೦೧ರಿಂದ ಈಸ್ಟರ್ ಸಮಯದಲ್ಲಿ ನಡೆಯುತ್ತಿರುವ ‘ಇನ್‌ಫರ್ನೊ ಮೆಟಲ್ ಫೆಸ್ಟಿವಲ್’ ಇಂತಹ ಕೂಟಗಳಲ್ಲೊಂದು. ಕೋವಿಡ್ ಪಿಡುಗಿನ ಕಾರಣ ೨೦೨೦ ಮತ್ತು ೨೦೨೧ರಲ್ಲಿ ನಿಂತುಹೋಗಿದ್ದ ಉತ್ಸವ ೨೦೨೨ರಲ್ಲಿ ಮತ್ತೆ ನಡೆಯಿತು.

ಓಸ್ಲೊಗೆ ಹೋಗುವ ಹೊರನಾಡಿನ ಅಭಿಮಾನಿಗೆ ಆ ನಗರದ ಬೀದಿ ತಿಳಿದಿರುವುದಿಲ್ಲ, ಭಾಷೆ ತಿಳಿದಿರುವುದಿಲ್ಲ. ಆದರೆ ಆ ನಗರದ ಕಥೆ ತಿಳಿದಿರುತ್ತದೆ. ಅಪರಿಚಿತ ನಗರವನ್ನು ಪರಿಚಿತವಾಗಿಸುವ ಈ ಕಥೆ ಸ್ಥಳೈತಿಹ್ಯದ ಲಕ್ಷಣಗಳನ್ನು ಹೊಂದಿದೆ. ಆದರೆ ಅದರ ತಿರುಳಿನಲ್ಲಿರುವುದು ನಿಜವಾದ ಕೊಲೆಗಳು ಮತ್ತು ಬೆಂಕಿಗೆ ಆಹುತಿಯಾದ ಪ್ರಾರ್ಥನಾಮಂದಿರಗಳು. ಐತಿಹ್ಯವು ಯಾತ್ರಿಕನಿಗೆ ದಾರಿ ತೋರಿಸುವುದರ ಜೊತೆಗೆ ಯಾರನ್ನು ನೆನೆಯಬೇಕು, ಯಾರನ್ನು ಮರೆಯಬೇಕು ಎಂಬುದನ್ನೂ ನಿರ್ಧರಿಸುತ್ತದೆ ಎಂಬುದನ್ನು ಈ ಉತ್ಸವದ ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಂಗೀತ ಪ್ರಕಾರದ ಸ್ವರೂಪ

ಎಕ್ಸ್‌ಟ್ರೀಮ್ ಮೆಟಲ್ ಎಂಬುದು ಒಂದೇ ಪ್ರಕಾರವಲ್ಲ. ಥ್ರಾಷ್, ಡೆತ್, ಬ್ಲ್ಯಾಕ್, ಡೂಮ್ ಮತ್ತು ಗ್ರೈಂಡ್‌ಕೋರ್ ಎಂಬ ಒಳಭೇದಗಳನ್ನು ಒಟ್ಟಾಗಿ ಸೂಚಿಸುವ ಹೆಸರಿದು. ಇಂಗ್ಲೆಂಡಿನ ವೆನಮ್ ತಂಡ ೧೯೮೨ರಲ್ಲಿ ಹೊರತಂದ ‘ಬ್ಲ್ಯಾಕ್ ಮೆಟಲ್’ ಎಂಬ ಧ್ವನಿಮುದ್ರಿಕೆ ಒಂದು ಪ್ರಕಾರಕ್ಕೆ ಹೆಸರನ್ನೇ ನೀಡಿತು. ೧೯೮೭ರಲ್ಲಿ ಅಮೆರಿಕದ ಫ್ಲಾರಿಡಾದ ಡೆತ್ ತಂಡ ಮತ್ತು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ನೇಪಾಮ್ ಡೆತ್ ತಂಡಗಳ ಮೊದಲ ಪೂರ್ಣ ಧ್ವನಿಮುದ್ರಿಕೆಗಳು ಬಂದವು. ಅತಿವೇಗದ ಡ್ರಮ್ ಬಡಿತ, ಸ್ವರವನ್ನು ಒರಟಾಗಿಸಿದ ಗಿಟಾರ್, ಮಾತು ಸುಲಭವಾಗಿ ತಿಳಿಯದಂತಹ ಗುಡುಗು ಕಂಠ ಅಥವಾ ಚೀತ್ಕಾರ ಇವುಗಳ ಸಮಾನ ಲಕ್ಷಣಗಳು. ಸಾವು, ಯುದ್ಧ, ರೋಗ, ನರಕ, ದೈವದ್ರೋಹ ಮೊದಲಾದವು ಸಾಹಿತ್ಯದ ವಸ್ತುಗಳು.

ಇವುಗಳಲ್ಲಿ ನಾರ್ವೆಯಲ್ಲಿ ಬೆಳೆದದ್ದು ಬ್ಲ್ಯಾಕ್ ಮೆಟಲ್. ೧೯೮೪ರಲ್ಲಿ ಆರಂಭವಾದ ಮೇಹೆಮ್ ತಂಡ, ಅನಂತರದ ಡಾರ್ಕ್‌ಥ್ರೋನ್, ಎಂಪರರ್, ಬುರ್ಜುಮ್, ಎನ್‌ಸ್ಲೇವ್ಡ್, ಸ್ಯಾಟಿರಿಕಾನ್ ಮುಂತಾದವು ಈ ಪ್ರಕಾರಕ್ಕೆ ಜಾಗತಿಕ ಪ್ರಸಿದ್ಧಿ ತಂದವು. ಜಾನಪದ ವಿದ್ವಾಂಸರ ದೃಷ್ಟಿಯಿಂದ ಮಹತ್ವದ ಸಂಗತಿಯೆಂದರೆ, ಈ ಸಂಗೀತವು ನಾರ್ವೆಯ ಜನಪದ ಕಥಾಪರಂಪರೆಯನ್ನು ನೇರವಾಗಿ ಬಳಸಿಕೊಂಡಿದೆ. ಅಸ್ಬ್ಯೋರ್ನ್‌ಸೆನ್ ಮತ್ತು ಮೂ ಎಂಬ ಸಂಗ್ರಾಹಕರು ೧೮೪೦ರ ದಶಕದಲ್ಲಿ ಪ್ರಕಟಿಸತೊಡಗಿದ ನಾರ್ವೆಯ ಜನಪದ ಕಥೆಗಳಿಗೆ ಚಿತ್ರ ಬರೆದವರಲ್ಲಿ ಥಿಯೋಡರ್ ಕಿಟ್ಟೆಲ್‌ಸೆನ್ (೧೮೫೭–೧೯೧೪) ಪ್ರಮುಖರು. ಅವರ ಕಾಡು, ಬೆಟ್ಟ ಮತ್ತು ಬಡವರ ಚಿತ್ರಗಳು ಬುರ್ಜುಮ್‌ನ ೧೯೯೪ ಮತ್ತು ೧೯೯೬ರ ಧ್ವನಿಮುದ್ರಿಕೆಗಳ ಹೊದಿಕೆಯಾದವು. ಬೆಟ್ಟದೊಳಗಿನ ಜೀವಿಗಳು ಹುಡುಗಿಯೊಬ್ಬಳನ್ನು ಒಳಗೆಳೆದುಕೊಳ್ಳುವ ನಂಬಿಕೆಯನ್ನು ಆಧರಿಸಿ ಉಲ್ವರ್ ತಂಡ ೧೯೯೫ರಲ್ಲಿ ‘ಬರ್ಗ್‌ಟಾಟ್’ ಎಂಬ ಕೃತಿಯನ್ನು ರಚಿಸಿತು. ‘ಬೆಟ್ಟಕ್ಕೆ ಸೆಳೆಯಲ್ಪಟ್ಟವಳು’ ಎಂಬುದು ಆ ಹೆಸರಿನ ಅರ್ಥ.

ಹೀಗೆ ಜಪಾನಿನಲ್ಲೋ ಬ್ರೆಜಿಲಿನಲ್ಲೋ ಬೆಂಗಳೂರಿನಲ್ಲೋ ಈ ಸಂಗೀತವನ್ನು ಕೇಳಿ ಬೆಳೆದವನ ಮನಸ್ಸಿನಲ್ಲಿ ನಾರ್ವೆಯ ಚಿತ್ರವೊಂದು ಪ್ರಯಾಣಕ್ಕೆ ಮೊದಲೇ ಸಿದ್ಧವಾಗಿರುತ್ತದೆ: ಹಿಮ ಕವಿದ ಕಾಡು, ಮರದ ಹಳೆಯ ಚರ್ಚು, ಕತ್ತಲು. ಆತ ಬಂದಿಳಿಯುವ ನಗರ ಮಾತ್ರ ಬೇರೆಯೇ ಆಗಿರುತ್ತದೆ.

ಹೊರಡುವಿಕೆ: ಋತು ಮತ್ತು ನಗರ

ಫ್ರೆಂಚ್ ವಿದ್ವಾಂಸ ಆರ್ನಾಲ್ಡ್ ವಾನ್ ಗೆನಪ್ ೧೯೦೯ರಲ್ಲಿ ಸ್ಥಿತ್ಯಂತರ ವಿಧಿಗಳ ಸಿದ್ಧಾಂತವನ್ನು ಮಂಡಿಸಿದರು. ಅಗಲಿಕೆ, ಹೊಸ್ತಿಲ ಸ್ಥಿತಿ, ಮರುಸೇರ್ಪಡೆ ಎಂಬ ಮೂರು ಹಂತಗಳನ್ನು ಅವರು ಗುರುತಿಸಿದರು. ವಿಕ್ಟರ್ ಟರ್ನರ್ ಮತ್ತು ಎಡಿತ್ ಟರ್ನರ್ ದಂಪತಿಗಳು ೧೯೭೮ರಲ್ಲಿ ಪ್ರಕಟಿಸಿದ ಕ್ರೈಸ್ತ ಯಾತ್ರೆಗಳ ಅಧ್ಯಯನದಲ್ಲಿ ಈ ಚಿಂತನೆಯನ್ನು ತೀರ್ಥಯಾತ್ರೆಗೆ ಅನ್ವಯಿಸಿದರು. ಮನೆ, ಉದ್ಯೋಗ, ಅಂತಸ್ತುಗಳನ್ನು ಬಿಟ್ಟು ಹೊರಟ ಯಾತ್ರಿಕರಲ್ಲಿ ತಾತ್ಕಾಲಿಕವಾದ ಸಮಭಾವದ ಬಂಧವೊಂದು ಏರ್ಪಡುತ್ತದೆ ಎಂಬುದು ಅವರ ಪ್ರತಿಪಾದನೆ. ಸಂಗೀತೋತ್ಸವದ ಪ್ರಯಾಣವನ್ನು ಅರ್ಥಮಾಡಿಕೊಳ್ಳಲು ಈ ಚೌಕಟ್ಟು ಬಹುಮಟ್ಟಿಗೆ ಒದಗಿಬರುತ್ತದೆ.

ಯುರೋಪಿನ ಹೊರಗಿನವರಿಗೆ ಅಗಲಿಕೆಯ ಹಂತ ಕಾಗದಪತ್ರಗಳಿಂದಲೇ ತೊಡಗುತ್ತದೆ. ನಾರ್ವೆ ಯುರೋಪಿಯನ್ ಒಕ್ಕೂಟದ ಸದಸ್ಯ ರಾಷ್ಟ್ರವಲ್ಲ. ಆದರೆ ೨೦೦೧ರ ಮಾರ್ಚ್‌ನಿಂದ ಷೆಂಗೆನ್ ವೀಸಾ ವ್ಯವಸ್ಥೆಗೆ ಸೇರಿದೆ. ಭಾರತದಿಂದ ಹೋಗುವವರು ತಂಗುವ ಸ್ಥಳ, ಹಣದ ಅನುಕೂಲ, ಕನಿಷ್ಠ ೩೦,೦೦೦ ಯೂರೊ ಮೊತ್ತದ ವೈದ್ಯಕೀಯ ವಿಮೆ ಇವುಗಳಿಗೆ ದಾಖಲೆ ಒದಗಿಸಬೇಕು. ಹಿಂದಿನ ಕಾಲದ ದೂರಯಾತ್ರೆಗೆ ದಾರಿಬುತ್ತಿ, ಜೊತೆಗಾರರು ಮತ್ತು ಮುಹೂರ್ತ ಬೇಕಾಗಿದ್ದಂತೆ ಈ ಪ್ರಯಾಣಕ್ಕೂ ತಿಂಗಳುಗಟ್ಟಲೆಯ ಸಿದ್ಧತೆ ಬೇಕು. ಆ ಸಿದ್ಧತೆಯೇ ಯಾತ್ರಿಕನ ನಿಷ್ಠೆಯ ಮೊದಲ ಪರೀಕ್ಷೆ.

ಓಸ್ಲೊದ ಮುಖ್ಯ ವಿಮಾನನಿಲ್ದಾಣ ಗಾರ್ಡರ್‌ಮೂನ್‌ನಲ್ಲಿದೆ. ೧೯೯೮ರಲ್ಲಿ ಆರಂಭವಾದ ಈ ನಿಲ್ದಾಣ ನಗರದಿಂದ ಸುಮಾರು ೫೦ ಕಿಲೋಮೀಟರ್ ಉತ್ತರಕ್ಕಿದ್ದು, ವೇಗದ ರೈಲಿನಲ್ಲಿ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಓಸ್ಲೊದ ಕೇಂದ್ರ ನಿಲ್ದಾಣವನ್ನು ತಲುಪಬಹುದು. ಅಲ್ಲಿಂದ ಉತ್ಸವ ನಡೆಯುವ ಟೋರ್ಗ್‌ಗಾಟಾ ಬೀದಿಗೆ ನಡೆದೇ ಹೋಗಬಹುದು.

ಹೀಗೆ ಬಂದಿಳಿದವನಿಗೆ ಎದುರಾಗುವುದು ಅರೆಬರಿದಾದ ನಗರ. ನಾರ್ವೆಯಲ್ಲಿ ಈಸ್ಟರ್‌ಗೆ ಮುಂಚಿನ ಗುರುವಾರ, ಶುಭ ಶುಕ್ರವಾರ, ಈಸ್ಟರ್ ಭಾನುವಾರ ಮತ್ತು ಸೋಮವಾರ ಸಾರ್ವಜನಿಕ ರಜಾದಿನಗಳು. ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಮದ್ಯ ಮಾರುವ ಸರ್ಕಾರಿ ಏಕಸ್ವಾಮ್ಯದ ಮಳಿಗೆಗಳೂ ತೆರೆಯುವುದಿಲ್ಲ. ನಗರದ ಅನೇಕ ಕುಟುಂಬಗಳು ಬೆಟ್ಟಗಳಲ್ಲಿರುವ ತಮ್ಮ ಮರದ ಗುಡಿಸಲುಗಳಿಗೆ ತೆರಳಿ, ಉಳಿದ ಹಿಮದ ಮೇಲೆ ಜಾರುತ್ತ, ಕಿತ್ತಳೆ ಹಣ್ಣು ತಿನ್ನುತ್ತ, ಪತ್ತೇದಾರಿ ಕಾದಂಬರಿ ಓದುತ್ತ ಕಾಲ ಕಳೆಯುತ್ತವೆ.

ಈಸ್ಟರ್‌ನಲ್ಲಿ ಕೊಲೆಯ ಕಥೆ ಓದುವ ಈ ವಾಡಿಕೆಯ ಹುಟ್ಟು ಕುತೂಹಲಕರವಾದುದು. ೧೯೨೩ರ ಈಸ್ಟರ್ ಹೊತ್ತಿನಲ್ಲಿ ಬರ್ಗೆನ್ ರೈಲು ರಾತ್ರಿ ಲೂಟಿಯಾಯಿತೆಂಬ ಶೀರ್ಷಿಕೆ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡಿತು. ಅದು ಸುದ್ದಿಯಾಗಿರದೆ ನೂರ್ಡಾಲ್ ಗ್ರೀಗ್ ಮತ್ತು ನಿಲ್ಸ್ ಲೀ ಬರೆದ ಕಾದಂಬರಿಯ ಜಾಹೀರಾತಾಗಿತ್ತು. ಹಲವರು ಅದನ್ನು ನಿಜವೆಂದೇ ನಂಬಿದರು. ಈಸ್ಟರ್ ಮತ್ತು ಪತ್ತೇದಾರಿ ಕಥೆಯ ನಂಟು ಅಂದಿನಿಂದ ರಾಷ್ಟ್ರೀಯ ವಾಡಿಕೆಯಾಗಿ ಬೆಳೆಯಿತು.

ಹೀಗೆ ಒಂದೇ ವಾರದಲ್ಲಿ ಎರಡು ಚಲನೆಗಳು ನಡೆಯುತ್ತವೆ. ಸ್ಥಳೀಯರು ಕಲ್ಪಿತ ಕೊಲೆಗಳನ್ನು ಓದಲು ಊರು ಬಿಟ್ಟು ಬೆಟ್ಟಕ್ಕೆ ಹೋಗುತ್ತಾರೆ. ಹೊರಗಿನವರು ನಿಜವಾದ ಕೊಲೆಯೊಂದರ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅದೇ ಊರಿಗೆ ಬರುತ್ತಾರೆ. ಕ್ರಿಸ್ತನ ಮರಣ ಮತ್ತು ಪುನರುತ್ಥಾನವನ್ನು ನೆನೆಯುವ ದಿನಗಳಲ್ಲೇ ‘ನರಕ’ ಎಂಬ ಅರ್ಥದ ಹೆಸರಿನ ಉತ್ಸವ ನಡೆಯುವುದು ವಿರೋಧದ ಸಂಕೇತವಾಗಿ ಕಾಣುತ್ತದೆ. ಆದರೆ ಆ ವಿರೋಧಕ್ಕೂ ಆಧಾರವಾಗಿರುವುದು ಚರ್ಚಿನ ಪಂಚಾಂಗವೇ. ವಿಲೋಮ ಆಚರಣೆಗಳು ತಾವು ತಿರುಗಿಸಿ ಹಾಕುವ ವ್ಯವಸ್ಥೆಯ ಕಾಲಗಣನೆಯನ್ನು ಬಿಟ್ಟು ನಡೆಯಲಾರವು.

ಉತ್ಸವದ ಅಂಗಳ: ವೇಷ, ಮುದ್ರೆ ಮತ್ತು ಅಲಿಖಿತ ಕಟ್ಟಳೆ

ಉತ್ಸವದ ಮುಖ್ಯ ನೆಲೆ ರಾಕ್‌ಫೆಲ್ಲರ್ ಎಂಬ ಸಭಾಂಗಣ ಮತ್ತು ಅದೇ ಕಟ್ಟಡದಲ್ಲಿರುವ ಜಾನ್ ಡೀ ಎಂಬ ಚಿಕ್ಕ ವೇದಿಕೆ. ೧೯೨೦ರ ದಶಕದ ಸಾರ್ವಜನಿಕ ಸ್ನಾನಗೃಹವೊಂದು ೧೯೮೬ರಲ್ಲಿ ಸಂಗೀತ ಸಭಾಂಗಣವಾಗಿ ಮಾರ್ಪಟ್ಟಿತು. ಸಾವಿರಕ್ಕೂ ಹೆಚ್ಚು ಜನ ನಿಲ್ಲಬಹುದಾದ ಈ ಅಂಗಣದ ಸುತ್ತ ಮೇಲಂತಸ್ತಿನ ಮೊಗಸಾಲೆಗಳಿವೆ. ಜರ್ಮನಿಯ ವಾಕೆನ್ ಹಳ್ಳಿಯಲ್ಲಿ ೧೯೯೦ರಿಂದ ನಡೆಯುತ್ತಿರುವ ಬೃಹತ್ ಬಯಲು ಉತ್ಸವದಲ್ಲಿ ಜನ ಡೇರೆ ಹಾಕಿ ಹೊಲಗಳಲ್ಲಿ ತಂಗುತ್ತಾರೆ. ಅಲ್ಲಿ ಹಳ್ಳಿಯೇ ಉತ್ಸವವಾಗಿಬಿಡುತ್ತದೆ. ಓಸ್ಲೊದಲ್ಲಿ ಹಾಗಲ್ಲ. ಇತ್ತೀಚಿನ ವರ್ಷಗಳಲ್ಲಿ ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ ನಡೆಯುವ ಉತ್ಸವದಲ್ಲಿ ಪ್ರೇಕ್ಷಕರು ಹೋಟೆಲುಗಳಲ್ಲಿ ತಂಗುತ್ತಾರೆ, ಹಗಲೆಲ್ಲ ನಗರದಲ್ಲಿ ಅಲೆಯುತ್ತಾರೆ. ನಗರವೇ ಉತ್ಸವದ ಹಗಲಿನ ಭಾಗವಾಗುತ್ತದೆ.

ಭಾಷೆ ಬಾರದ ಊರಿನಲ್ಲಿ ಒಬ್ಬರನ್ನೊಬ್ಬರು ಗುರುತಿಸುವ ಸಾಧನ ಉಡುಪು. ಕಪ್ಪು ಅಂಗಿಯ ಮೇಲೆ ತಂಡದ ಹೆಸರು. ತೋಳಿಲ್ಲದ ಡೆನಿಮ್ ಅಂಗಿಗೆ ಹೊಲಿದ ಬಟ್ಟೆಯ ತುಂಡುಗಳಲ್ಲಿ ಇಷ್ಟದ ತಂಡಗಳ ಚಿಹ್ನೆಗಳು. ಇವು ಕೇವಲ ಅಲಂಕಾರವಲ್ಲ. ಯಾವ ತಂಡದ ಚಿಹ್ನೆ, ಎಷ್ಟು ಹಳೆಯದು, ಎಲ್ಲಿ ದೊರೆತದ್ದು ಎಂಬುದರಿಂದ ಧರಿಸಿದವನ ಅಭಿರುಚಿ ಮತ್ತು ಅನುಭವವನ್ನು ಬಲ್ಲವರು ಅಳೆಯುತ್ತಾರೆ. ಚಿಲಿ ದೇಶದವನೂ ಪೋಲೆಂಡಿನವನೂ ಮಾತು ಆರಂಭಿಸುವುದು ಎದುರಿನವನ ಅಂಗಿಯನ್ನು ಓದಿಯೇ.

ತೋರುಬೆರಳು ಮತ್ತು ಕಿರುಬೆರಳನ್ನು ಎತ್ತಿ ಮಾಡುವ ಕೊಂಬಿನ ಮುದ್ರೆ ಈ ಸಮುದಾಯದ ಸಾರ್ವತ್ರಿಕ ವಂದನೆ. ಇದನ್ನು ಜನಪ್ರಿಯಗೊಳಿಸಿದ ಗಾಯಕ ರೋನಿ ಜೇಮ್ಸ್ ಡಿಯೊ, ಇಟಲಿ ಮೂಲದ ತಮ್ಮ ಅಜ್ಜಿಯಿಂದ ಇದನ್ನು ಕಲಿತುದಾಗಿ ಹೇಳಿದ್ದರು. ಇಟಲಿಯ ಜನಪದದಲ್ಲಿ ಇದು ಕೆಟ್ಟ ದೃಷ್ಟಿಯನ್ನು ನಿವಾರಿಸುವ ಮುದ್ರೆ. ಹೊರಗಿನವರು ಸೈತಾನನ ಗುರುತೆಂದು ಭಯಪಡುವ ಮುದ್ರೆಯ ಮೂಲ ದೃಷ್ಟಿ ತೆಗೆಯುವ ಅಜ್ಜಿಯ ನಂಬಿಕೆಯಲ್ಲಿದೆ ಎಂಬುದು, ಜನಪದ ಅಂಶಗಳು ಸಂದರ್ಭ ಬದಲಾದಂತೆ ಅರ್ಥ ಬದಲಿಸುವ ಕ್ರಮಕ್ಕೆ ಒಳ್ಳೆಯ ನಿದರ್ಶನ.

ವೇದಿಕೆಯ ಮುಂದೆ ಜನ ಪರಸ್ಪರ ಢಿಕ್ಕಿ ಹೊಡೆಯುತ್ತ ಕುಣಿಯುವ ‘ಮಾಷ್ ಪಿಟ್’ ಹೊರನೋಟಕ್ಕೆ ಹೊಡೆದಾಟದಂತೆ ಕಾಣುತ್ತದೆ. ಆದರೆ ಅದಕ್ಕೂ ಕಟ್ಟಳೆಗಳಿವೆ. ಬಿದ್ದವರನ್ನು ಸುತ್ತಲಿನವರು ಕೂಡಲೇ ಎತ್ತಬೇಕು. ಒಲ್ಲದವರನ್ನು ಒಳಗೆ ಎಳೆಯಬಾರದು. ಅಂಚಿನಲ್ಲಿ ನಿಂತವರು ಗೋಡೆಯಂತೆ ಕಾಯಬೇಕು. ಇವುಗಳನ್ನು ಜನ ಕಲಿಯುವುದು ಮುಖ್ಯವಾಗಿ ನೋಡಿ ಮತ್ತು ಮಾಡಿ. ಬ್ಲ್ಯಾಕ್ ಮೆಟಲ್ ತಂಡಗಳ ಮುಂದೆ ಈ ಕುಣಿತ ಸಾಮಾನ್ಯವಾಗಿ ಕಡಿಮೆ. ಮುಖಕ್ಕೆ ಬಿಳಿ ಕಪ್ಪು ಬಣ್ಣ ಬಳಿದು ಶವದಂತೆ ಕಾಣಿಸಿಕೊಳ್ಳುವ ಕಲಾವಿದರ ಎದುರು ಪ್ರೇಕ್ಷಕರು ಹೆಚ್ಚಾಗಿ ನಿಂತಲ್ಲೇ ತಲೆಯಾಡಿಸುತ್ತಾರೆ. ಪ್ರಕಾರ ಬದಲಾದಂತೆ ಭಕ್ತಿಯ ಭಂಗಿಯೂ ಬದಲಾಗುತ್ತದೆ.

ಕಿವಿಗೆ ರಕ್ಷಕ ಬಿರಡೆ ಹಾಕಿಕೊಳ್ಳುವುದು ಈಗ ಅನುಭವಿಗಳ ಲಕ್ಷಣವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಸಂಗೀತ ಸ್ಥಳಗಳಿಗೆ ಸರಾಸರಿ ೧೦೦ ಡೆಸಿಬಲ್ ಮಿತಿಯನ್ನು ಶಿಫಾರಸು ಮಾಡಿದೆ. ಉಗ್ರತೆಯನ್ನೇ ಮೌಲ್ಯವಾಗಿಸಿಕೊಂಡ ಸಮುದಾಯವು ತನ್ನ ದೇಹವನ್ನು ಕಾಪಾಡಿಕೊಳ್ಳುವ ವಿವೇಕವನ್ನೂ ಬೆಳೆಸಿಕೊಂಡಿದೆ. ಬ್ರಿಟಿಷ್ ಸಮಾಜಶಾಸ್ತ್ರಜ್ಞ ಕೀತ್ ಕಾನ್-ಹ್ಯಾರಿಸ್ ೨೦೦೭ರ ತಮ್ಮ ಅಧ್ಯಯನದಲ್ಲಿ ತೋರಿಸಿರುವಂತೆ, ಗಡಿ ಮೀರುವ ರೋಮಾಂಚನ ಮತ್ತು ದಿನನಿತ್ಯದ ಸಾಮಾನ್ಯ ಸ್ನೇಹ, ವ್ಯವಹಾರ ಇವೆರಡೂ ಈ ಲೋಕದಲ್ಲಿ ಜೊತೆಜೊತೆಗೇ ಇರುತ್ತವೆ.

ಸ್ಥಳೈತಿಹ್ಯ: ಅಂಗಡಿ, ಬೀದಿ, ಚರ್ಚು

ಹಗಲು ಹೊತ್ತಿನಲ್ಲಿ ಯಾತ್ರಿಕರು ಹುಡುಕಿಕೊಂಡು ಹೋಗುವ ಸ್ಥಳಗಳಲ್ಲಿ ಮೊದಲನೆಯದು ಹಳೆಯ ಓಸ್ಲೊದ ಸ್ವೈಗಾರ್ಡ್ಸ್ ಬೀದಿಯ ೫೬ನೆಯ ಸಂಖ್ಯೆಯ ಕಟ್ಟಡ. ಮೇಹೆಮ್‌ನ ಗಿಟಾರ್ ವಾದಕ ಓಯ್‌ಸ್ಟೈನ್ ಆರ್ಸೆತ್ ೧೯೯೧ರಲ್ಲಿ ಇಲ್ಲಿ ‘ಹೆಲ್ವೆಟೆ’, ಅಂದರೆ ‘ನರಕ’, ಎಂಬ ಹೆಸರಿನ ಧ್ವನಿಮುದ್ರಿಕೆ ಅಂಗಡಿಯನ್ನು ತೆರೆದನು. ೧೯೯೩ರ ಆರಂಭದಲ್ಲಿ ಅದು ಮುಚ್ಚಿತು. ಎರಡು ವರ್ಷವೂ ಸರಿಯಾಗಿ ನಡೆಯದ ಅಂಗಡಿಯ ನೆಲಮಾಳಿಗೆ ಮುಂದಿನ ದಶಕಗಳಲ್ಲಿ ಜನ ಬಂದು ಛಾಯಾಚಿತ್ರ ತೆಗೆಸಿಕೊಳ್ಳುವ ತಾಣವಾಯಿತು. ಉತ್ಸವದ ಸಂದರ್ಭದಲ್ಲಿ ಇಂತಹ ಸ್ಥಳಗಳನ್ನು ಬಸ್ಸಿನಲ್ಲಿ ಸುತ್ತಿಸಿ ತೋರಿಸುವ ಪ್ರವಾಸವನ್ನೂ ಏರ್ಪಡಿಸಿದ್ದುಂಟು.

ಐತಿಹ್ಯದ ಘಟನಾವಳಿ ಸಂಕ್ಷಿಪ್ತವಾಗಿ ಹೀಗಿದೆ. ೧೯೯೧ರ ಏಪ್ರಿಲ್‌ನಲ್ಲಿ ಮೇಹೆಮ್‌ನ ಗಾಯಕ ಆತ್ಮಹತ್ಯೆ ಮಾಡಿಕೊಂಡನು. ೧೯೯೨ರ ಜೂನ್ ೬ರಂದು ಬರ್ಗೆನ್ ಸಮೀಪದ ಫಾಂಟೊಫ್ಟ್‌ನ ಮರದ ಚರ್ಚು ಸುಟ್ಟುಹೋಯಿತು. ಸುಮಾರು ೧೧೫೦ರಲ್ಲಿ ಸೋಗ್ನ್ ಪ್ರದೇಶದಲ್ಲಿ ಕಟ್ಟಲಾಗಿದ್ದ ಈ ಚರ್ಚನ್ನು ೧೮೮೩ರಲ್ಲಿ ಫಾಂಟೊಫ್ಟ್‌ಗೆ ಸಾಗಿಸಲಾಗಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಓಸ್ಲೊದ ಹೋಲ್ಮೆನ್‌ಕೊಲೆನ್ ಬೆಟ್ಟದ ಮೇಲಿನ, ೧೯೦೩ರಲ್ಲಿ ಕಟ್ಟಿದ ಪ್ರಾರ್ಥನಾಮಂದಿರ ಬೆಂಕಿಗೆ ಆಹುತಿಯಾಯಿತು. ೧೯೯೩ರ ಆಗಸ್ಟ್ ೧೦ರಂದು ಓಸ್ಲೊದ ಟೋಯೆನ್ ಬೀದಿಯ ತನ್ನ ವಾಸದ ಕಟ್ಟಡದಲ್ಲಿ ಆರ್ಸೆತ್ ಕೊಲೆಯಾದನು. ಕೊಂದವನು ಬುರ್ಜುಮ್‌ನ ವಾರ್ಗ್ ವಿಕರ್ನೆಸ್. ೧೯೯೪ರಲ್ಲಿ ನ್ಯಾಯಾಲಯವು ಕೊಲೆ ಮತ್ತು ಹೋಲ್ಮೆನ್‌ಕೊಲೆನ್ ಸೇರಿದಂತೆ ಹಲವು ಚರ್ಚುಗಳಿಗೆ ಬೆಂಕಿ ಇಟ್ಟ ಅಪರಾಧಕ್ಕಾಗಿ ಅವನಿಗೆ ಅಂದಿನ ಗರಿಷ್ಠ ಶಿಕ್ಷೆಯಾದ ೨೧ ವರ್ಷಗಳ ಸೆರೆವಾಸ ವಿಧಿಸಿತು. ೨೦೦೯ರಲ್ಲಿ ಅವನ ಬಿಡುಗಡೆಯಾಯಿತು. ೧೯೯೪ರಲ್ಲೇ ಹೊರಬಂದ ಮೇಹೆಮ್‌ನ ಧ್ವನಿಮುದ್ರಿಕೆಯಲ್ಲಿ ಕೊಲೆಯಾದವನ ಗಿಟಾರ್ ಮತ್ತು ಕೊಂದವನ ಬೇಸ್ ಗಿಟಾರ್ ಒಟ್ಟಿಗೇ ಕೇಳಿಬರುತ್ತವೆ.

ಈ ಘಟನೆಗಳು ಐತಿಹ್ಯವಾಗಿ ಮಾರ್ಪಟ್ಟ ಬಗೆಯಲ್ಲಿ ಪತ್ರಿಕೆಗಳ ಪಾತ್ರ ದೊಡ್ಡದು. ೧೯೯೩ರ ಜನವರಿಯಲ್ಲಿ ಬರ್ಗೆನ್‌ನ ದಿನಪತ್ರಿಕೆಯೊಂದು ಮತ್ತು ಮಾರ್ಚ್‌ನಲ್ಲಿ ಬ್ರಿಟನ್ನಿನ ಸಂಗೀತ ಪತ್ರಿಕೆಯೊಂದು ಪ್ರಕಟಿಸಿದ ಬರಹಗಳು ಚಿಕ್ಕ ಗುಂಪೊಂದನ್ನು ಸೈತಾನನ ಸಂಘಟಿತ ಸೈನ್ಯವೆಂಬಂತೆ ಬಿಂಬಿಸಿದವು. ೧೯೯೮ರ ‘ಲಾರ್ಡ್ಸ್ ಆಫ್ ಕೇಯಾಸ್’ ಗ್ರಂಥ, ೨೦೦೮ರ ಸಾಕ್ಷ್ಯಚಿತ್ರ, ಗ್ರಂಥದ ಹೆಸರಿನಲ್ಲೇ ೨೦೧೮ರಲ್ಲಿ ಬಂದ ಚಲನಚಿತ್ರ ಇವೆಲ್ಲ ಕಥೆಯ ಹೊಸ ಪಾಠಗಳನ್ನು ಸೃಷ್ಟಿಸಿದವು. ಫಾಂಟೊಫ್ಟ್ ಸುಟ್ಟದ್ದು ಆರನೆಯ ತಿಂಗಳ ಆರನೆಯ ದಿನವಾದ್ದರಿಂದ ಅದಕ್ಕೆ ಸೈತಾನನ ಸಂಖ್ಯೆಯ ಅರ್ಥವನ್ನು ಹೆಣೆಯಲಾಯಿತು. ಸಂಖ್ಯಾ ಆಶಯ, ಶಾಪಗ್ರಸ್ತ ಸ್ಥಳ, ಗೆಳೆಯನೇ ಹಗೆಯಾಗುವುದು ಎಂಬ ಪರಿಚಿತ ಆಶಯಗಳು ಘಟನೆಗಳನ್ನು ಕಥೆಯ ಅಚ್ಚಿನಲ್ಲಿ ಎರಕ ಹೊಯ್ದವು.

ಈ ಪ್ರಕ್ರಿಯೆಯ ಇನ್ನೊಂದು ಮುಖವನ್ನು ವಿವರಿಸಲು ಲಿಂಡಾ ಡೇಗ್ ಮತ್ತು ಆಂಡ್ರ್ಯೂ ವಾಜೋನಿ ೧೯೮೩ರಲ್ಲಿ ಮಂಡಿಸಿದ ಪರಿಕಲ್ಪನೆ ನೆರವಾಗುತ್ತದೆ. ಐತಿಹ್ಯಗಳನ್ನು ಜನ ಹೇಳುವುದಷ್ಟೇ ಅಲ್ಲ, ಕೆಲವೊಮ್ಮೆ ಕ್ರಿಯೆಯಲ್ಲಿ ನಡೆಸಿಯೂ ತೋರಿಸುತ್ತಾರೆ ಎಂಬುದು ಅವರ ನಿಲುವು. ವೆನಮ್‌ನಂತಹ ತಂಡಗಳಿಗೆ ಸೈತಾನನು ವೇದಿಕೆಯ ವೇಷ ಮಾತ್ರವಾಗಿದ್ದನು. ನಾರ್ವೆಯ ಹದಿಹರೆಯದವರು ಆ ವೇಷವನ್ನು ಅಕ್ಷರಶಃ ಓದಿ ಕ್ರಿಯೆಗೆ ಇಳಿಸಿದರು. ಆ ಕ್ರಿಯೆ ಮತ್ತೆ ಕಥೆಯಾಯಿತು. ಕಥೆ ಈಗ ಯಾತ್ರೆಯಾಗಿದೆ. ಐತಿಹ್ಯದ ಸ್ಥಳವನ್ನು ನೋಡಲು ಗುಂಪುಗೂಡಿ ಹೋಗಿ, ಅಲ್ಲಿಯೇ ಕಥೆ ಹೇಳಿಕೊಳ್ಳುವುದನ್ನು ಜಾನಪದ ವಿದ್ವಾಂಸರು ಐತಿಹ್ಯ ಪಯಣವೆಂದು ಪ್ರತ್ಯೇಕವಾಗಿ ಗುರುತಿಸಿದ್ದಾರೆ.

ಆದರೆ ಸ್ಥಳಗಳು ಕಥೆಗೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಹೋಲ್ಮೆನ್‌ಕೊಲೆನ್ ಪ್ರಾರ್ಥನಾಮಂದಿರ ೧೯೯೬ರಲ್ಲಿ, ಫಾಂಟೊಫ್ಟ್ ಚರ್ಚು ೧೯೯೭ರಲ್ಲಿ ಮತ್ತೆ ತಲೆ ಎತ್ತಿದವು. ಬೂದಿಯನ್ನು ಕಲ್ಪಿಸಿಕೊಂಡು ಬಂದವರಿಗೆ ಕಾಣುವುದು ಜನ ಒಟ್ಟಾಗಿ ಮರಳಿ ಕಟ್ಟಿದ ಆಲಯ. ಟೋಯೆನ್ ಬೀದಿ ಇರುವ ಗ್ರೋನ್‌ಲಾಂಡ್–ಟೋಯೆನ್ ಪ್ರದೇಶ ವಲಸಿಗರ ವ್ಯಾಪಾರದಿಂದ ತುಂಬಿದ್ದು, ಕತ್ತಲೆಯ ಕಾಡನ್ನು ಊಹಿಸಿಕೊಂಡು ಬಂದವನಿಗೆ ಅಲ್ಲಿ ದಕ್ಷಿಣ ಏಷ್ಯಾದ ದಿನಸಿ ಅಂಗಡಿಗಳು ಎದುರಾಗುತ್ತವೆ. ಐತಿಹ್ಯದ ನಗರ ಮತ್ತು ಬದುಕಿನ ನಗರ ಒಂದೇ ಬೀದಿಯಲ್ಲಿ ಬೇರೆ ಬೇರೆಯಾಗಿ ಇವೆ.

ನೆನಪು ಮತ್ತು ಮರೆವು

ಐತಿಹ್ಯ ಯಾರನ್ನು ಉಳಿಸಿಕೊಳ್ಳುತ್ತದೆ ಎಂಬ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ. ೧೯೯೨ರ ಆಗಸ್ಟ್‌ನಲ್ಲಿ, ಹೋಲ್ಮೆನ್‌ಕೊಲೆನ್ ಸುಡುವುದಕ್ಕೆ ಕೆಲವೇ ದಿನಗಳ ಮೊದಲು, ಲಿಲ್ಲೆಹಾಮರ್ ಪಟ್ಟಣದಲ್ಲಿ ಎಂಪರರ್ ತಂಡದ ಡ್ರಮ್ ವಾದಕನು ತನಗೆ ಪರಿಚಯವೇ ಇಲ್ಲದ ಸಲಿಂಗಕಾಮಿ ವ್ಯಕ್ತಿಯೊಬ್ಬನನ್ನು ಇರಿದು ಕೊಂದನು. ಅವನಿಗೆ ೧೪ ವರ್ಷಗಳ ಸೆರೆವಾಸ ವಿಧಿಸಲಾಯಿತು. ಈ ಕೊಲೆಯೂ ಅದೇ ಕಥಾವೃತ್ತಕ್ಕೆ ಸೇರಿದ್ದು. ಆದರೆ ಆರ್ಸೆತ್‌ನ ಮರಣಕ್ಕೆ ಬೀದಿಯಿದೆ, ಅಂಗಡಿಯಿದೆ, ಛಾಯಾಚಿತ್ರವಿದೆ. ಲಿಲ್ಲೆಹಾಮರ್‌ನಲ್ಲಿ ಸತ್ತವನು ಜನಪ್ರಿಯ ನಿರೂಪಣೆಗಳಲ್ಲಿ ಬಹುಪಾಲು ಒಂದು ವಾಕ್ಯವಾಗಿ, ಕೊಂದವನ ಜೀವನಚರಿತ್ರೆಯ ಒಂದು ಘಟನೆಯಾಗಿ ಬಂದುಹೋಗುತ್ತಾನೆ. ಒಬ್ಬನು ಸಮುದಾಯದೊಳಗಿನವನು, ಇನ್ನೊಬ್ಬನು ಹೊರಗಿನವನು. ಒಳಗಿನವನ ಸಾವು ಕಥೆಯಾಯಿತು. ಹೊರಗಿನವನ ಸಾವು ಮಾಹಿತಿಯಾಗಿ ಉಳಿಯಿತು.

ಇಂತಹ ಮರೆವು ಅಜ್ಞಾನದಿಂದ ಬಂದುದಲ್ಲ. ಕಾನ್-ಹ್ಯಾರಿಸ್ ಅವರು ಈ ಸಮುದಾಯದ ಒಂದು ಧೋರಣೆಯನ್ನು ಗುರುತಿಸಿದ್ದಾರೆ: ವಿಷಯವನ್ನು ಚೆನ್ನಾಗಿ ಬಲ್ಲವರೇ ಅದರ ಪರಿಣಾಮಗಳ ಬಗ್ಗೆ ಯೋಚಿಸದಿರಲು ಬೇಕೆಂದೇ ನಿರ್ಧರಿಸುತ್ತಾರೆ. ಸಂಗೀತ ಬೇರೆ, ಮನುಷ್ಯ ಬೇರೆ ಎಂಬ ಮಾತು ಈ ಧೋರಣೆಯ ಸಾಮಾನ್ಯ ರೂಪ. ಇದನ್ನು ಬರಿಯ ಕಪಟವೆಂದು ತಳ್ಳಿಹಾಕುವುದು ಸರಿಯಲ್ಲ. ಸಮಭಾವದ ಕೂಟವೊಂದು ಕೆಲವು ದಿನ ನಡೆಯಬೇಕಾದರೆ ಕೆಲವು ಮಾತುಗಳನ್ನು ಬದಿಗಿಡಬೇಕಾಗುತ್ತದೆ. ಆದರೆ ಬದಿಗಿಟ್ಟದ್ದು ಒಬ್ಬ ಮನುಷ್ಯನ ಪ್ರಾಣವಾದಾಗ ಆ ಕೂಟದ ಸಮಭಾವಕ್ಕೇ ಮಿತಿ ಬೀಳುತ್ತದೆ. ಬಿದ್ದವರನ್ನು ಎತ್ತಬೇಕೆಂಬ ಕಟ್ಟಳೆಯನ್ನು ಅಂಗಳದಲ್ಲಿ ಪಾಲಿಸುವ ಸಮುದಾಯವು, ಕಥೆಯೊಳಗೆ ಬಿದ್ದವನೊಬ್ಬನನ್ನು ಎತ್ತದೆ ಬಿಟ್ಟಿದೆ.

ಇನ್ನೊಂದೆಡೆ ನಾರ್ವೆಯ ಸಂಸ್ಥೆಗಳು ಈ ಸಂಗೀತವನ್ನು ರಾಷ್ಟ್ರೀಯ ಸಂಸ್ಕೃತಿಯ ಭಾಗವಾಗಿ ಸ್ವೀಕರಿಸಿವೆ. ದೇಶದ ಪ್ರಮುಖ ಸಂಗೀತ ಪ್ರಶಸ್ತಿಯಾದ ಸ್ಪೆಲೆಮನ್ ಪ್ರಶಸ್ತಿಯಲ್ಲಿ ಮೆಟಲ್‌ಗೆ ಪ್ರತ್ಯೇಕ ವಿಭಾಗವಿದೆ. ೨೦೨೧ರಲ್ಲಿ ಓಸ್ಲೊದ ಕಡಲ ದಂಡೆಯಲ್ಲಿ ತೆರೆದ ಹೊಸ ಮುಂಕ್ ವಸ್ತುಸಂಗ್ರಹಾಲಯವು ೨೦೨೨ರಲ್ಲಿ ಎಡ್ವರ್ಡ್ ಮುಂಕ್‌ನ ಚಿತ್ರಗಳ ಜೊತೆಗೆ ಸ್ಯಾಟಿರಿಕಾನ್ ತಂಡದ ಸಂಗೀತವನ್ನು ಸೇರಿಸಿದ ಪ್ರದರ್ಶನವನ್ನು ಏರ್ಪಡಿಸಿತು. ಒಂದು ಕಾಲದ ಬಹಿಷ್ಕೃತ ಕಲೆ ಪರಂಪರೆಯೆನಿಸಿಕೊಳ್ಳುವ ಈ ಹಂತದಲ್ಲಿಯೇ ನೆನಪಿನ ಆಯ್ಕೆ ಗಟ್ಟಿಯಾಗುತ್ತದೆ. ಪರಂಪರೆಯೆಂದು ಒಮ್ಮೆ ದಾಖಲಾದ ಕಥೆಯಲ್ಲಿ ಬಿಟ್ಟುಹೋದವರು ಮರಳಿ ಸೇರುವುದು ಕಷ್ಟ.

ಕರ್ನಾಟಕದ ಕೊಂಡಿ

ಈ ಜಾಗತಿಕ ಸಮುದಾಯದಲ್ಲಿ ಬೆಂಗ��ೂರಿಗೂ ಸ್ಥಾನವಿದೆ. ೧೯೯೦ರ ದಶಕದಿಂದಲೂ ಇಲ್ಲಿ ಉಗ್ರ ಸಂಗೀತದ ತಂಡಗಳು ಕೆಲಸ ಮಾಡುತ್ತಿವೆ. ೧೯೯೮ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಕ್ರಿಪ್ಟೋಸ್ ತಂಡ ೨೦೧೩ರಲ್ಲಿ ವಾಕೆನ್ ಉತ್ಸವದಲ್ಲಿ ನುಡಿಸಿತು. ೨೦೦೭ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ನಡೆದ ಐರನ್ ಮೇಡನ್ ಕಛೇರಿ ಮತ್ತು ೨೦೧೨ರಲ್ಲಿ ಆರಂಭವಾದ ಬೆಂಗಳೂರು ಓಪನ್ ಏರ್ ಉತ್ಸವಗಳಿಂದಾಗಿ ಬೆಂಗಳೂರು ತಾನೇ ಇತರ ಊರುಗಳ ಅಭಿಮಾನಿಗಳಿಗೆ ಯಾತ್ರೆಯ ನಗರವಾಯಿತು.

ಇಲ್ಲೊಂದು ವ್ಯತ್ಯಾಸ ಗಮನಾರ್ಹ. ಬೆಂಗಳೂರಿಗೆ ಬರುವವರು ಕಛೇರಿಗಾಗಿ, ಗೆಳೆಯರಿಗಾಗಿ ಬರುತ್ತಾರೆ. ಓಸ್ಲೊದಲ್ಲಿರುವಂತಹ ರಕ್ತದ ಸ್ಥಳೈತಿಹ್ಯ ಇಲ್ಲಿ ಬೆಳೆದಿಲ್ಲ. ಆದರೂ ಕೂಟ ಸೇರುತ್ತದೆ, ಕಟ್ಟಳೆಗಳು ಕಲಿಯಲ್ಪಡುತ್ತವೆ, ಬಂಧ ಬೆಳೆಯುತ್ತದೆ. ಅಪರಾಧದ ಕಥೆಯಿಲ್ಲದೆಯೂ ಈ ಸಂಗೀತದ ಯಾತ್ರೆ ಸಾಧ್ಯವೆಂಬುದಕ್ಕೆ ಇದು ಸಾಕ್ಷಿ. ಓಸ್ಲೊದ ಐತಿಹ್ಯ ಈ ಸಮುದಾಯದ ಅನಿವಾರ್ಯ ತಳಹದಿಯಲ್ಲ. ಅದು ಒಂದು ಊರಿನ ಚರಿತ್ರೆಯಿಂದ ಆಯ್ದುಕೊಂಡ ಕಥೆ.

ಉಪಸಂಹಾರ

ಈವರೆಗಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಅಪರಿಚಿತ ನಗರದಲ್ಲಿ ನಡೆಯುವ ಉಗ್ರ ಸಂಗೀತೋತ್ಸವದ ಪ್ರಯಾಣವು ಸಿದ್ಧತೆ, ಅಗಲಿಕೆ, ಸಮಭಾವದ ಕೂಟ, ಮರಳುವಿಕೆ ಎಂಬ ಯಾತ್ರೆಯ ಲಕ್ಷಣಗಳನ್ನು ಹೊಂದಿದೆ. ಉಡುಪು, ಮುದ್ರೆ, ಕುಣಿತಗಳಲ್ಲಿ ಬರವಣಿಗೆಗೆ ಇಳಿಯದ ಕಟ್ಟಳೆಗಳು ಕೆಲಸ ಮಾಡುತ್ತವೆ. ನಗರವನ್ನು ಪರಿಚಿತವಾಗಿಸುವ ಐತಿಹ್ಯವು ಮುದ್ರಣ, ಚಲನಚಿತ್ರ ಮತ್ತು ಮಾತಿನ ಮೂಲಕ ಹರಡುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಈ ಐತಿಹ್ಯದ ವಯಸ್ಸು. ಜಾನಪದ ವಿದ್ವಾಂಸರು ಸಾಮಾನ್ಯವಾಗಿ ಎದುರಿಸುವ ಸ್ಥಳೈತಿಹ್ಯಗಳಲ್ಲಿ ಸತ್ತವರು ಶತಮಾನಗಳ ಹಿಂದಿನವರು. ಅವರ ಪರವಾಗಿ ಕೇಳುವವರು ಯಾರೂ ಉಳಿದಿರುವುದಿಲ್ಲ. ಓಸ್ಲೊದ ಐತಿಹ್ಯಕ್ಕೆ ಮೂರು ದಶಕಗಳಷ್ಟೇ ಪ್ರಾಯ. ನ್ಯಾಯಾಲಯದ ದಾಖಲೆಗಳಿವೆ, ಘಟನೆಗಳನ್ನು ಕಂಡವರು ಬದುಕಿದ್ದಾರೆ. ಕಥೆಯು ಘಟನೆಯಿಂದ ಬೇರ್ಪಡುವ ಕ್ರಮವನ್ನು, ಯಾರ ಹೆಸರು ಮೊದಲು ಉದುರುತ್ತದೆ ಎಂಬುದನ್ನು ಇಲ್ಲಿ ಕಣ್ಣೆದುರೇ ಕಾಣಬಹುದು. ಆದ್ದರಿಂದ ಇಂತಹ ಐತಿಹ್ಯವನ್ನು ಸಂಗ್ರಹಿಸುವವರು ಹೇಳಲ್ಪಟ್ಟ ಪಾಠಗಳ ಜೊತೆಗೆ ಹೇಳದೆ ಬಿಟ್ಟ ಸಂಗತಿಗಳನ್ನೂ ದಾಖಲಿಸುವುದು ಅಗತ್ಯ. ಹಳೆಯ ಐತಿಹ್ಯಗಳಲ್ಲಿ ಹೆಸರಿಲ್ಲದೆ ಉಳಿದವರು ಯಾರಾಗಿರಬಹುದು ಎಂಬ ಪ್ರಶ್ನೆಯನ್ನು ಹೊಸದಾಗಿ ಕೇಳಿಕೊಳ್ಳಲು ಈ ಅಧ್ಯಯನಗಳು ದಾರಿ ಮಾಡಿಕೊಡುತ್ತವೆ.